ಮಹಿಳಾ ಗೋಷ್ಠಿ ಕೈಬಿಟ್ಟ ಮೇಲೆ ನಮ್ಮ ವೇದಿಕೆ ಸರಿಹೋಯಿತು

ಪೂರ್ವಭಾವಿ ಸಭೆಗಳಲ್ಲಿ ಕೂತವರಿಗೆಲ್ಲ ಈ ಮಾತು ಗೊತ್ತು: "ಹೆಣ್ಣುಮಕ್ಕಳನ್ನ ಕರೆದ್ರೂ ಬರಲ್ಲ ಸಾರ್." ಕಡೂರಿನಲ್ಲಿ ಎರಡು ದಿನದ ವಿಚಾರ ಸಂಕಿರಣ ನಡೆಸುವ ನಮ್ಮ ಬಳಗದಲ್ಲೂ ವರ್ಷಗಟ್ಟಲೆ ಇದೇ ಮಾತು. ಕಳೆದ ಸಲ ಮಾತಾಡಿದ ಇಪ್ಪತ್ತೈದು ಚಿಲ್ಲರೆ ಜನರಲ್ಲಿ ಅರ್ಧಕ್ಕಿಂತ ಒಬ್ಬಿಬ್ಬರು ಹೆಚ್ಚೇ ಮಹಿಳೆಯರಿದ್ದರು. ಪ್ರಾರ್ಥನೆ, ಸ್ವಾಗತ, ನಿರೂಪಣೆ, ವಂದನಾರ್ಪಣೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರಬಂಧ ಮಂಡಿಸಿದವರು, ಗೋಷ್ಠಿಯ ಅಧ್ಯಕ್ಷತೆ ವಹಿಸಿದವರು ಅಷ್ಟೇ. ನಮ್ಮ ಸುತ್ತಮುತ್ತ ಬೇರೆ ಯಾರೂ ಇಷ್ಟು ಮುಟ್ಟಿದ್ದನ್ನು ನಾನು ಕಂಡಿಲ್ಲ.

ಮೊದಲು ಕೈಕೊಟ್ಟ ದಾರಿಗಳು. ಪತ್ರಿಕೆಯಲ್ಲಿ, ವಾಟ್ಸಾಪಿನಲ್ಲಿ ಪ್ರಬಂಧಗಳಿಗೆ ಕರೆ ಕೊಟ್ಟೆವು. ಹೆಸರು ಮುಚ್ಚಿ ಆಯ್ಕೆ ಮಾಡಿದೆವು. ಏನೂ ಪ್ರಯೋಜನವಾಗಲಿಲ್ಲ. ಬಂದ ರಾಶಿಯಲ್ಲೇ ಇಲ್ಲದವರು ಆಯ್ಕೆಯಲ್ಲಿ ಎಲ್ಲಿಂದ ಬರಬೇಕು? ಕಾಲೇಜುಗಳಿಗೆ ಪತ್ರ ಬರೆದು ಅಧ್ಯಾಪಕಿಯರನ್ನು ಕಳಿಸಿಕೊಡಿ ಎಂದೆವು. ಪ್ರತಿ ಸಲ ಅದೇ ಎರಡು ಮೂರು ಹೆಸರು. ಇನ್ನು ಮಹಿಳಾ ಗೋಷ್ಠಿ. ನಾಲ್ಕು ಜನರನ್ನು ಊಟ ಆದ ಮೇಲಿನ ಒಂದು ಗೋಷ್ಠಿಗೆ ಹಾಕುತ್ತಿದ್ದೆವು. ಉದ್ಘಾಟನೆ ಎಳೆದು ಎಳೆದು ಬೆಳಗಿನ ಗೋಷ್ಠಿ ಮಧ್ಯಾಹ್ನಕ್ಕೆ ಬರುತ್ತಿತ್ತು, ಇವರ ಪಾಲಿಗೆ ತಲಾ ಐದಾರು ನಿಮಿಷ. ಮಣ್ಣು ಪರೀಕ್ಷೆಯಲ್ಲಿ ಪಳಗಿದ ಒಬ್ಬರನ್ನು ಕರೆಸಿ "ಸಾಹಿತ್ಯದಲ್ಲಿ ಸ್ತ್ರೀ ಸಂವೇದನೆ" ಎಂಬ ವಿಷಯ ಕೊಟ್ಟಿತ್ತು ಸಮಿತಿ. ಆಕೆ ಮತ್ತೆ ಬರಲಿಲ್ಲ. ಯಾಕೆ ಬರಬೇಕು?

ಈ ಗೋಷ್ಠಿಯನ್ನೇ ತೆಗೆಯೋಣ ಅಂದಾಗ ಸಮಿತಿಯಲ್ಲಿ ಜಗಳವೇ ಆಯಿತು. ಹೆಂಗಸರಿಗೆ ಅನ್ಯಾಯ ಮಾಡ್ತಿದ್ದೀರಿ ಅಂದರು ಹಿರಿಯರೊಬ್ಬರು. ದೊಡ್ಡ ಸಮ್ಮೇಳನಗಳಲ್ಲೂ ಹೀಗೇ ಇದೆ ಅಂದರು ಇನ್ನೊಬ್ಬರು. ಇದೆ, ನಿಜ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಶುರುವಾದದ್ದು 1915ರಲ್ಲಿ. ಮೊದಲ ಮಹಿಳಾ ಅಧ್ಯಕ್ಷರು ಜಯದೇವಿತಾಯಿ ಲಿಗಾಡೆ, 1974ರಲ್ಲಿ, ಮಂಡ್ಯದಲ್ಲಿ. ಆಮೇಲೆ ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, ಗೀತಾ ನಾಗಭೂಷಣ. 2024ರಲ್ಲಿ ಮಂಡ್ಯದಲ್ಲೇ ನಡೆದ 87ನೇ ಸಮ್ಮೇಳನದವರೆಗೆ ಲೆಕ್ಕ ಹಾಕಿದರೆ ನಾಲ್ವರೇ. ಇದನ್ನು ಮಾದರಿ ಅಂತ ಹೇಗೆ ಒಪ್ಪಿಕೊಳ್ಳುವುದು ಎಂದು ಕೇಳಿದೆ.

ಜೊತೆಗೆ ಇನ್ನೊಂದು ಲೆಕ್ಕವನ್ನೂ ಮುಂದಿಟ್ಟೆ. ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿಗಳ ಸಂಘದ ಸಭೆಗಳನ್ನು ಆರ್ಟುರೋ ಕ್ಯಾಸಡೆವಾಲ್ ಮತ್ತು ಜೋ ಹ್ಯಾಂಡೆಲ್ಸ್‌ಮನ್ ಜಾಲಾಡಿ 2014ರಲ್ಲಿ ಅಂಕಿ ಪ್ರಕಟಿಸಿದರು. ಗಂಡಸರೇ ಸೇರಿ ಆಯೋಜಿಸಿದ ಗೋಷ್ಠಿಗಳಿಗಿಂತ, ಆಯೋಜಕರಲ್ಲಿ ಒಬ್ಬ ಮಹಿಳೆಯಾದರೂ ಇದ್ದ ಗೋಷ್ಠಿಗಳಲ್ಲಿ ಭಾಷಣಕಾರ್ತಿಯರ ಪಾಲು ಶೇ. 72ರಷ್ಟು ಹೆಚ್ಚಿತ್ತು. ಈ ಅಂಕಿಗಳನ್ನು ಆಯೋಜಕರಿಗೆ ತೋರಿಸಿದ ಮೇಲೆ 2015ರ ಸಭೆಯಲ್ಲಿ ಮಹಿಳೆಯರ ಪಾಲು ಶೇ. 48.5ಕ್ಕೆ ಏರಿತು. ಹಟ ಹಿಡಿದು ನಮ್ಮ ಸಮಿತಿಗೂ ಇಬ್ಬರನ್ನು ಸೇರಿಸಿದೆ, ಅವರಲ್ಲಿ ಒಬ್ಬರು ಖಜಾಂಚಿ. ಚೆಕ್ಕಿಗೆ ಸಹಿ ಹಾಕುವವರ ಮಾತಿಗೆ ತೂಕ ತಾನಾಗಿ ಬರುತ್ತದೆ.

ನಮ್ಮಲ್ಲಿ ಗೆದ್ದದ್ದು ಫೋನ್ ಮಾಡುವ ಸರದಿ. ಮಹಿಳೆಯರಿಗೆ ಮೊದಲು ಮಾಡಿ, ಅವರಿಗೆ ಹೊಂದುವ ದಿನಾಂಕ ನೋಡಿ, ಆಮೇಲೆ ಗಂಡಸರಿಗೆ. "ಬರ್ತೀರಾ ಮೇಡಂ?" ಅಂತ ಕೇಳಿದರೆ "ನಾನ್ಯಾಕೆ ಸಾರ್, ನಮ್ಮ ಮೇಷ್ಟ್ರನ್ನ ಕರೀರಿ" ಅನ್ನುತ್ತಿದ್ದರು. ಅವರು ಬರೆದದ್ದನ್ನು ಓದಿಕೊಂಡು, "ಕೆರೆ ಹೂಳಿನ ಬಗ್ಗೆ ನೀವು ಬರೆದಿದ್ರಲ್ಲ, ಅದೇ ವಿಷಯ, ಇಪ್ಪತ್ತೈದು ನಿಮಿಷ, ಬೆಳಗಿನ ಮೊದಲ ಗೋಷ್ಠಿ, ಸಂಜೆ ನಾಲ್ಕೂವರೆಗೆ ಸ್ಟೇಷನ್ನಿಗೆ ಬಿಡ್ತೀವಿ" ಅಂದಾಗ ಹೂಂ ಅಂದವರೇ ಹೆಚ್ಚು. ಕಡೂರಿಗೆ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ ಕಡೆಯಿಂದ ರೈಲಿದೆ, ಅದೊಂದು ಅನುಕೂಲ.

ದೊಡ್ಡ ಹೆಸರಿನ ಗಂಡಸರನ್ನೂ ಒಳಗೆ ತರಬೇಕಿತ್ತು. ಒಬ್ಬ ಹಿರಿಯ ವಿಮರ್ಶಕರನ್ನು ಮನೆಗೇ ಹೋಗಿ ಕೇಳಿಕೊಂಡೆ: "ನಿಮ್ಮ ಗೋಷ್ಠಿಯಲ್ಲಿ ಇನ್ಯಾರಿದ್ದಾರೆ ಅಂತ ಕೇಳಿ, ಬರೀ ಗಂಡಸರಾದ್ರೆ ಬರಲ್ಲ ಅಂತ ನಮ್ಮ ಅಧ್ಯಕ್ಷರಿಗೆ ಫೋನ್ ಮಾಡಿ ಹೇಳಿಬಿಡಿ ಸಾರ್." ಮಾಡಿದರು. ನಾನು ವರ್ಷಗಟ್ಟಲೆ ಹೇಳಿ ಆಗದ್ದು ಆ ಒಂದು ಫೋನಿಗೆ ಆಯಿತು. ಆಮೇಲೆ ನಾಲ್ಕೈದು ಜನ ಅದೇ ಷರತ್ತು ಹಾಕಿದರು, ಒಬ್ಬರು ತಮ್ಮ ಜಾಗವನ್ನೇ ಬಿಟ್ಟುಕೊಟ್ಟು ಸಭಿಕರ ಸಾಲಿನಲ್ಲಿ ಕೂತರು. ಇಂಥ ದೊಡ್ಡವರನ್ನು ಒಪ್ಪಿಸುವಾಗ ಮೊದಲು ಯಾವ ಮಾತೆತ್ತುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಮುಂದಿನ ಸಲ ನಡೆಯಲಿಕ್ಕಿಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ನಮ್ಮ ಒಟ್ಟು ಖರ್ಚು ಎರಡೂವರೆ ಲಕ್ಷದ ಆಸುಪಾಸು. ಅದರಲ್ಲಿ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಫಲಕಕ್ಕೇ ನಲವತ್ತು ಸಾವಿರ ಹೋಗುತ್ತಿತ್ತು, ಫ್ಲೆಕ್ಸಿಗೆ ಹತ್ತು ಹನ್ನೆರಡು. ಹೊರಗಿನಿಂದ ಬಂದ ಪ್ರೊಫೆಸರಿಗೆ ಪ್ರಯಾಣ ಭತ್ಯೆ, ಮೇಲೊಂದು ಕವರು. ಮಾತಾಡಿದ ಮಹಿಳೆಗೆ ಅರಿಶಿನ ಕುಂಕುಮ, ರವಿಕೆ ಕಣ. ಇದನ್ನು ಕಣ್ಣಾರೆ ಕಂಡಿದ್ದೇನೆ, ಈಗಲೂ ಸಿಟ್ಟು ಬರುತ್ತದೆ. ಸನ್ಮಾನವನ್ನು ಒಂದು ಪುಸ್ತಕಕ್ಕೆ ಇಳಿಸಿದೆವು. ಉಳಿದ ಹಣದಲ್ಲಿ ಎಲ್ಲರಿಗೂ ಒಂದೇ ಸಂಭಾವನೆ, ಎರಡು ಸಾವಿರ, ಆಹ್ವಾನದ ಪತ್ರದಲ್ಲೇ ಅಚ್ಚು ಹಾಕಿಸಿ. ಮಗುವನ್ನೋ ಅಮ್ಮನನ್ನೋ ಕರೆತರುವವರಿಗೆ ಆ ಎರಡನೇ ಟಿಕೆಟ್ಟೂ ನಮ್ಮದೇ. ಒಳ್ಳೆಯ ಲಾಡ್ಜಿನಲ್ಲಿ ರೂಮು, ಸ್ಟೇಷನ್ನಿಂದ ಕಾರು. ಫ್ಲೆಕ್ಸಿನಲ್ಲಿ ಫೋಟೋ ಇಲ್ಲ ಅಂತ ದಾನಿಯೊಬ್ಬರು ಹತ್ತು ಸಾವಿರ ವಾಪಸ್ ತಗೊಂಡರು. ಆ ಗುಂಡಿ ತುಂಬಲು ಊಟದಲ್ಲಿ ಎರಡನೇ ಸಿಹಿ ಬಿಟ್ಟೆವು, ಯಾರೂ ಕೇಳಲಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದನ್ನು ಮಾಡಿ ನೋಡಿದೆ. ಪ್ರಶ್ನೋತ್ತರದಲ್ಲಿ ಮೈಕು ಯಾವಾಗಲೂ ಮುಂದಿನ ಸಾಲಿನ ಗಂಡಸರ ಕೈಯಲ್ಲೇ ಇರುತ್ತಿತ್ತು. ಮೈಕು ಬಿಟ್ಟು ಚೀಟಿ ಹಂಚಿದೆವು, ಮೊದಲ ಪ್ರಶ್ನೆ ಹುಡುಗಿಯೊಬ್ಬಳದ್ದೇ ಎಂದು ಗೊತ್ತು ಮಾಡಿದೆವು. ಪಿಯು ಹುಡುಗಿಯರ ಚೀಟಿಗಳು ಕೈತುಂಬ ಬಂದವು. ಕೊಳವೆಬಾವಿ ಸಾಲ ಅಪ್ಪನ ಹೆಸರಲ್ಲಿ, ತೀರಿಸುವ ದುಡಿಮೆ ಅಮ್ಮನದ್ದು, ಇದನ್ನು ನಿಮ್ಮ ಅಂಕಿಗಳಲ್ಲಿ ಎಲ್ಲಿ ಬರೆದಿದ್ದೀರಿ ಅಂತ ಒಬ್ಬಳು ಕೇಳಿದ್ದಳು. ಆ ಗೋಷ್ಠಿ ಮುಗಿಸಲು ಅರ್ಧ ಗಂಟೆ ಹೆಚ್ಚೇ ಹಿಡಿಯಿತು.

ಈ ಸಲ ತೆಂಗಿನ ರೋಗದ ಗೋಷ್ಠಿಗೆ ಅನುಭವಸ್ಥ ಬೆಳೆಗಾರ್ತಿಯೊಬ್ಬರು ಬೇಕು, ಅರಸೀಕೆರೆ, ತಿಪಟೂರು ಕಡೆ ಹುಡುಕುತ್ತಿದ್ದೇನೆ. ಬೇರೆ ವಿಷಯಗಳಿಗೆ ನೂರರ ಹತ್ತಿರ ಹೆಸರು ಕೂಡಿಸಿಟ್ಟಿದ್ದೇನೆ. ಕಾರ್ಯಕ್ರಮ ಮಾಡುವ ಗೆಳೆಯರು ಕೇಳಿದರೆ ಕೊಡುತ್ತೇನೆ. ಮೊದಲು ನಿಮ್ಮ ಸಂಭಾವನೆ ಎಷ್ಟು, ಗೋಷ್ಠಿ ಎಷ್ಟು ಹೊತ್ತಿಗೆ ಅನ್ನುವುದನ್ನು ಹೇಳಿ.