ಚೀನಾದಿಂದ ಬಿಡಿಭಾಗ ತರಿಸುವುದು ಹೇಗೆ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಮೋಟಾರು ಮಾಡುವ ಶೆಡ್ಡೊಂದರ ಖರೀದಿ ನನ್ನ ಕೆಲಸ. ತಾಮ್ರದ ತಂತಿ, ಶಾಫ್ಟು ಇಲ್ಲೇ ಸಿಗುತ್ತವೆ. ಮ್ಯಾಗ್ನೆಟ್ಟು ಚೀನಾದಿಂದ ಬರುತ್ತದೆ. ಅಕ್ಕಪಕ್ಕದ ಶೆಡ್ಡಿನವರು ಮೊದಲು ಕೇಳುವುದೇ "ಕೆ.ಜಿ.ಗೆ ಎಷ್ಟು ಬೀಳುತ್ತೆ" ಅಂತ. ರೇಟು ಆಮೇಲೆ ನೋಡಿ. ಆ ಮಾಲನ್ನು ಅವರ ಸರ್ಕಾರ ಹೊರಗೆ ಬಿಡುತ್ತದಾ, ನಮ್ಮ ಸರ್ಕಾರ ಒಳಗೆ ಬಿಡುತ್ತದಾ, ಅದನ್ನು ಮೊದಲು ವಿಚಾರಿಸಿ.

2024-25ರಲ್ಲಿ ಭಾರತ ಚೀನಾದಿಂದ ಸುಮಾರು 113 ಬಿಲಿಯನ್ ಡಾಲರಿನ ಮಾಲು ತರಿಸಿತು. ಕಳಿಸಿದ್ದು 14 ಬಿಲಿಯನ್ ಚಿಲ್ಲರೆ. 2020ರ ಜೂನ್‌ನಲ್ಲಿ ಗಾಲ್ವಾನ್‌ನಲ್ಲಿ ನಮ್ಮ ಸೈನಿಕರು ಪ್ರಾಣ ಕೊಟ್ಟರು. ಆಮೇಲೂ ಆಮದು ಏರುತ್ತಲೇ ಹೋಯಿತು. ಇದು ಸರಿಯಾ ತಪ್ಪಾ ಅಂತ ಟೀ ಅಂಗಡಿಯಲ್ಲಿ ಗಂಟೆಗಟ್ಟಲೆ ಜಗಳವಾಡಬಹುದು. ಖರೀದಿ ಮಾಡುವವನಿಗೆ ತಟ್ಟುವುದು ಬೇರೆ. 2020ರ ಅದೇ ಜೂನ್ ಕೊನೆಗೆ ನಮ್ಮಲ್ಲಿ ನಿಷೇಧವಾದ 59 ಚೀನೀ ಆಪ್‌ಗಳಲ್ಲಿ, ಅಲ್ಲಿಯವರು ಮೆಸೇಜಿಗೆ ಬಳಸುವ ವೀಚಾಟ್ ಕೂಡ ಇತ್ತು. ಚೀನಾದಲ್ಲಿ ವಾಟ್ಸಾಪ್‌ಗೆ ತಡೆ ಇದೆ. ಸೇಲ್ಸ್‌ನವರು ಹೇಗೋ ಬಳಸುತ್ತಾರೆ, ಆದರೆ ರೇಟು, ಗ್ರೇಡು, ದಿನಾಂಕದ ಮಾತೆಲ್ಲ ಇಮೇಲ್‌ನಲ್ಲೇ ಇರಲಿ.

ಆಮದು-ರಫ್ತು ಮಾಡುವವರಿಗೆ ಬೇಕಾದ ಐಇಸಿ ನಂಬರಿಗೆ ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಇಲಾಖೆ) ವೆಬ್‌ಸೈಟಿನಲ್ಲೇ ಅರ್ಜಿ ಹಾಕಿ, ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಖಚಿತಪಡಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಬ್ಯಾಂಕಿನಿಂದ ಎಡಿ ಕೋಡ್ (ವಿದೇಶಿ ವಹಿವಾಟು ನಡೆಸುವ ಬ್ಯಾಂಕಿನ ಗುರುತಿನ ಸಂಖ್ಯೆ) ಪಡೆದು ಬಂದರಿನಲ್ಲಿ ನೋಂದಾಯಿಸಬೇಕು. ಇದನ್ನೆಲ್ಲ ಕಸ್ಟಮ್ಸ್ ಏಜೆಂಟರು ಮಾಡಿಕೊಡುತ್ತಾರೆ.

ನೀವೇ ಕೂತು ನೋಡಬೇಕಾದದ್ದು ಮಾಲು ಯಾವ ಬಗೆಯದು ಅಂತ ಹೇಳುವ ಎಂಟು ಅಂಕಿಯ ಎಚ್‌ಎಸ್ ಕೋಡ್. ಮ್ಯಾಗ್ನೆಟ್ಟಿನದು 8505ರಿಂದ ಶುರು. ಸುಂಕ, ಬಿಐಎಸ್ ಗುಣಮಟ್ಟದ ಗುರುತು ಬೇಕೋ ಬೇಡವೋ, ಆಂಟಿ ಡಂಪಿಂಗ್ ಸುಂಕ (ತೀರಾ ಅಗ್ಗಕ್ಕೆ ತಂದು ಸುರಿಯುವ ಮಾಲಿಗೆ ಹಾಕುವ ಹೆಚ್ಚುವರಿ ಸುಂಕ) ಇದೆಯೋ ಇಲ್ಲವೋ, ಎಲ್ಲಕ್ಕೂ ಈ ಕೋಡೇ ಬೇಕು. ಲಕ್ಷ ರೂಪಾಯಿ ಮಾಲಿಗೆ ಸುಂಕ ಶೇ. 7.5 ಅಂದುಕೊಳ್ಳಿ. 7,500 ಆಯಿತು. ಅದರ ಮೇಲೆ ಶೇ. 10 ಸರ್‌ಚಾರ್ಜ್, 750. ಒಟ್ಟು 1,08,250ರ ಮೇಲೆ ಶೇ. 18 ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ), ಅಂದರೆ 19,485. ಐಜಿಎಸ್‌ಟಿ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ, ಸುಂಕ ಹೋದದ್ದು ಹೋಯಿತು.

ಆಂಟಿ ಡಂಪಿಂಗ್ ಸುಂಕವನ್ನು ಶಿಫಾರಸು ಮಾಡುವುದು ವಾಣಿಜ್ಯ ಸಚಿವಾಲಯದ ಡಿಜಿಟಿಆರ್, ಹಾಕುವುದು ಹಣಕಾಸು ಸಚಿವಾಲಯ. ತನಿಖೆ ಶುರುವಾದಾಗಲೇ ಡಿಜಿಟಿಆರ್ ಸೈಟಿನಲ್ಲಿ ಗೊತ್ತಾಗುತ್ತದೆ, ಆಗಾಗ ಕಣ್ಣಾಡಿಸಿ. ಸುಂಕ ಅಂದರೆ ನಮ್ಮಂಥವರಿಗೆ ಸಿಟ್ಟು ಬರುತ್ತದೆ, ಅಲ್ವಾ? ಮಳವಳ್ಳಿ ಕಡೆ ಹಿಪ್ಪುನೇರಳೆ ಹಾಕಿದವರನ್ನು ಕೇಳಿ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಸುಂಕ ಶೇ. 30ರಿಂದ 5ಕ್ಕೆ ಇಳಿಯಿತು. ಚೀನಾ ರೇಷ್ಮೆ ನುಗ್ಗಿ ಗೂಡಿನ ಬೆಲೆ ಕುಸಿಯಿತು. ಅವರಿಗೆ ಸುಂಕವೇ ಬೇಲಿ. ಹಾಗಾಗಿ ಸುಂಕ ತೆಗೆಯಿರಿ ಅಂತ ನಾನು ಎಲ್ಲೂ ಕೂಗಾಡುವುದಿಲ್ಲ, ಲೆಕ್ಕಕ್ಕೆ ಸೇರಿಸಿಕೊಳ್ಳುತ್ತೇನೆ.

ಇನ್ನು ಅವರ ಕಡೆಯ ಬಾಗಿಲು. 2025ರ ಏಪ್ರಿಲ್ 4ರಂದು ಚೀನಾ ಏಳು ಅಪರೂಪದ ಲೋಹಗಳಿಗೂ (ರೇರ್ ಅರ್ತ್) ಅವುಗಳಿಂದಾಗುವ ಮ್ಯಾಗ್ನೆಟ್ಟುಗಳಿಗೂ ರಫ್ತು ಲೈಸೆನ್ಸ್ ಕಡ್ಡಾಯ ಮಾಡಿತು. ಅಮೆರಿಕದ ಸುಂಕಕ್ಕೆ ಅದು ಕೊಟ್ಟ ಏಟು, ಪೆಟ್ಟು ಬಿದ್ದವರಲ್ಲಿ ನಮ್ಮ ವಾಹನ ಕಂಪನಿಗಳೂ ಇದ್ದವು. ಪಟ್ಟಿಯಲ್ಲಿ ಡಿಸ್ಪ್ರೋಸಿಯಂ, ಟರ್ಬಿಯಂ ಇವೆ. ಜಾಸ್ತಿ ಬಿಸಿ ತಡೆಯುವ ನಿಯೋಡಿಮಿಯಂ ಮ್ಯಾಗ್ನೆಟ್ಟಿಗೆ ಇವನ್ನು ಬೆರೆಸುತ್ತಾರೆ. ಗ್ರೇಡಿನ ಕೊನೆಯಲ್ಲಿ ಎಸ್‌ಎಚ್, ಯುಎಚ್ ಅಂತಿದ್ದರೆ ಲೈಸೆನ್ಸ್ ಬೇಕಾ ಅಂತ ಮುಂಗಡ ಕಳಿಸುವ ಮುಂಚೆಯೇ ಕೇಳಿ. ಬೇಕು ಅಂದರೆ ಈ ಮಾಲು ಯಾವುದಕ್ಕೆ ಬಳಕೆ, ಯಾರಿಗೆ ಅಂತ ನೀವು ಬರೆದುಕೊಡಬೇಕಾಗುತ್ತದೆ. ಕಬ್ಬಿಣದ ಆಕ್ಸೈಡಿನಿಂದ ಮಾಡುವ ಫೆರೈಟ್ ಮ್ಯಾಗ್ನೆಟ್ಟಿಗೆ ಈ ತಾಪತ್ರಯ ಇಲ್ಲ. ನಿಮ್ಮ ಮೋಟಾರಿಗೆ ಅಷ್ಟು ಬಿಸಿ ತಡೆಯುವ ಗ್ರೇಡು ನಿಜಕ್ಕೂ ಬೇಕಾ, ಡಿಸೈನ್ ಮಾಡಿದವರ ಜೊತೆ ಕೂತು ಮಾತಾಡಿ. ಸುಮ್ನೆ ಹಳೆಯ ಡ್ರಾಯಿಂಗಿನಲ್ಲಿದೆ ಅಂತ ತರಿಸುವವರು ಬಹಳ.

ದುಡ್ಡು ಸಾಮಾನ್ಯವಾಗಿ ಶೇ. 30 ಮುಂಗಡ, ಉಳಿದದ್ದು ಹಡಗಿಗೆ ಏರಿಸುವ ಮುನ್ನ. ಬ್ಯಾಂಕ್ ಖಾತೆ ಬದಲಾಗಿದೆ ಅಂತ ಇಮೇಲ್ ಬಂದರೆ ಫೋನಿನಲ್ಲಿ ದನಿ ಕೇಳದೆ ಕಳಿಸಬೇಡಿ. ಮಾಲು ಚೆನ್ನೈಗೆ ಬಂದ ಮೇಲೆ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಪತ್ರ) ನಿಮ್ಮ ಬ್ಯಾಂಕಿನ ದಾಖಲೆಗೆ ಹೋಗಿದೆಯಾ ನೋಡಿಕೊಳ್ಳಿ.

ಚೀನೀ ಹೊಸ ವರ್ಷ ಜನವರಿ ಕೊನೆಗೋ ಫೆಬ್ರವರಿಗೋ ಬೀಳುತ್ತದೆ. ಕೆಲಸದವರೆಲ್ಲ ಊರಿಗೆ ಹೋಗುತ್ತಾರೆ, ಫ್ಯಾಕ್ಟರಿಗಳು ವಾರಗಟ್ಟಲೆ ಮುಚ್ಚಿರುತ್ತವೆ. ಯುಗಾದಿಗೆ ಬೇಕಾದ ಮಾಲಿನ ಆರ್ಡರ್ ನವೆಂಬರಿನಲ್ಲೇ ಹೋಗಲಿ.