ಖೋ ಖೋ ಕೂರಿಸಿ ಬೇಸ್ ಕದಿಸಿದ ನನ್ನ ಅನುಭವ

"ರಾಯರೇ, ಇದು ಬೇಸ್‌ಬಾಲ್. ನಿಮ್ಮೂರಿನ ಖೋ ಖೋ ಅಲ್ಲ" ಎಂದು, ನಾನು ಹುಡುಗರನ್ನು ಖೋ ಖೋ ಸಾಲಿನಲ್ಲಿ ಕೂರಿಸಿದ್ದನ್ನು ಕಂಡು ನಕ್ಕವರು ನಮ್ಮವರೇ ಒಬ್ಬರು, ತಂಡದ ಹುಡುಗನೊಬ್ಬನ ತಂದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ 13-14 ವಯಸ್ಸಿನ ಮಕ್ಕಳಿಗೆ ಬಿಡುವಿನಲ್ಲಿ ಕೋಚ್ ಆಗಿರುವ ನಾನು ಆಗ ಉತ್ತರ ಕೊಡಲಿಲ್ಲ. ಬೇಸ್ ಎಂದರೆ ಓಟಗಾರ ಒಂದೊಂದಾಗಿ ಮುಟ್ಟುತ್ತ ಹೋಗುವ ನೆಲೆ; ಪಿಚರ್ (ಚೆಂಡು ಎಸೆಯುವವನು) ಎಸೆಯಲು ತೊಡಗಿದೊಡನೆ ಮುಂದಿನ ನೆಲೆಗೆ ಓಡಿ ಸೇರುವುದೇ ಬೇಸ್ ಕದಿಯುವುದು. ಕಳೆದ ಋತುವಿನಲ್ಲಿ ನಮ್ಮವರು ಕದಿಯಲು ಓಡಿದ ಹತ್ತರಲ್ಲಿ ಹೆಚ್ಚುಕಡಿಮೆ ಎಂಟು ಸಲ ಬೇಸ್ ದಕ್ಕಿತು. ಹಿಂದೆ ಅರ್ಧವೂ ದಕ್ಕುತ್ತಿರಲಿಲ್ಲ. ತಂಡದಲ್ಲಿ ನಿಜವಾದ ಓಟಗಾರ ಒಬ್ಬನೂ ಇಲ್ಲ ಎಂಬುದನ್ನು ಗಮನಿಸಿ.

ಲೆಕ್ಕ ಸರಳ. ವೃತ್ತಿಪರರಲ್ಲಿ ಪಿಚರ್‌ನ ಎಸೆತ ಕ್ಯಾಚರ್‌ನ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಕೈ ಸೇರಲು 1.3 ಸೆಕೆಂಡ್, ಕ್ಯಾಚರ್ ಅದನ್ನು ಎರಡನೇ ಬೇಸ್‌ಗೆ ಮುಟ್ಟಿಸಲು 2. ನಮ್ಮ ಲೀಗಿನಲ್ಲಿ ಎರಡೂ ಸೇರಿ ನಾಲ್ಕರ ಆಸುಪಾಸು; ಓಟಗಾರ ಅಷ್ಟರೊಳಗೆ ಮುಟ್ಟಬೇಕು. ನಮಗೆ ಕೊರತೆ ಬೀಳುತ್ತಿದ್ದದ್ದು ಕಾಲು ಸೆಕೆಂಡ್. ಅದಕ್ಕಾಗಿ ಪೋಷಕರೆಲ್ಲ ಹಣ ಹಾಕಿ ಓಟದ ತರಬೇತುದಾರರೊಬ್ಬರನ್ನು ಇಟ್ಟುಕೊಂಡರು. ಆರೇಳು ನೂರು ಡಾಲರ್ ಖರ್ಚಾಯಿತು, ಸ್ಟಾಪ್‌ವಾಚ್ ಮಾತ್ರ ಕದಲಲಿಲ್ಲ. ಸೆಕೆಂಡ್‌ಹ್ಯಾಂಡ್ ರಾಡಾರ್ ಗನ್‌ಗೆ ಮತ್ತೊಂದು ತೊಂಬತ್ತು ಹೋಯಿತು. ಅದು ಚೆಂಡಿನ ವೇಗ ಹೇಳುತ್ತದೆ. ಚೆಂಡಿನ ವೇಗ ಕೇಳಿದವರು ಯಾರು?

ಬೇಸ್ ಕದಿಯುವುದರಲ್ಲಿ ಹೆಸರಾದ ಆಟಗಾರ ರಿಕಿ ಹೆಂಡರ್‌ಸನ್ ಬೆಳೆದದ್ದು ಇಲ್ಲೇ ಪಕ್ಕದ ಓಕ್ಲೆಂಡ್‌ನಲ್ಲಿ. ಎಡ ಔಟ್‌ಫೀಲ್ಡಿನ (ಬೇಸ್‌ಗಳಾಚೆಯ ಹೊರ ಮೈದಾನ) ಆ ಮನುಷ್ಯ 25 ಋತುಗಳಲ್ಲಿ 1406 ಬೇಸ್ ಕದ್ದ. ಎಲ್ಲರೂ ಅವನ ಕಾಲನ್ನು ಹೊಗಳುತ್ತಾರೆ. ಹಳೆಯ ದೃಶ್ಯಗಳನ್ನು ನಿಧಾನಗೊಳಿಸಿ ನೋಡಿದಾಗ ನನಗೆ ಕಂಡದ್ದು ಬೇರೆ: ಬಗ್ಗಿದ ಮೈ ಮೊದಲ ಹೆಜ್ಜೆಗಳಲ್ಲಿ ಏಳುವುದೇ ಇಲ್ಲ. ಇದನ್ನು ನಾವು ಶಾಲೆಯಲ್ಲಿ ಚೌಕದಲ್ಲಿ ಕುಳಿತು ಕಲಿತಿದ್ದೇವಲ್ಲ! ಬೆನ್ನಿಗೆ ಏಟು, 'ಖೋ', ನೆಟ್ಟಗಾಗದೆ ಜಿಗಿತ. ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ ಎಂಬ ನಿಯಮವಂತೂ ಲೀಡ್ (ಬೇಸ್ ಬಿಟ್ಟು ಮುಂದೆ ಇಟ್ಟ ಕೆಲವು ಹೆಜ್ಜೆ) ತೆಗೆದುಕೊಂಡು ಅನುಮಾನದಲ್ಲಿ ನಿಲ್ಲುವ ಹುಡುಗರಿಗೆ ಒಳ್ಳೆಯ ಮದ್ದು.

ಸಾಲಾಗಿ ಕೂರಿಸಿದೆ. ಮೊದಲು ಬೆನ್ನು ತಟ್ಟಿದೆ, ಆಮೇಲೆ ಕೂಗು ಮಾತ್ರ. ಕೊನೆಗೆ ಕೂಗೂ ಇಲ್ಲ. ನಾನೇ ಪಿಚರ್‌ನಂತೆ ನಿಂತು ಹಿಮ್ಮಡಿ ಎತ್ತುತ್ತಿದ್ದೆ. ಬಲಗೈ ಪಿಚರ್‌ನ ಮುಂದಿನ ಹಿಮ್ಮಡಿ ಮೊದಲು ಎದ್ದರೆ ಓಡು, ಹಿಂದಿನದು ಎದ್ದರೆ ವಾಪಸ್. ಎಡಗೈಯವರಿಗೆ ಬೇರೆ ಗುರುತು ಇದೆ. ಎದುರಾಳಿ ತಂಡಗಳಲ್ಲೂ ಇಬ್ಬರು ಕನ್ನಡಿಗ ಕೋಚ್‌ಗಳು ಇರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಆರಂಭದ ಪಂದ್ಯಗಳಲ್ಲಿ ಪಿಕಾಫ್ ಮೇಲೆ ಪಿಕಾಫ್: ಪಿಚರ್ ಏಕಾಏಕಿ ಬೇಸ್‌ಗೆ ಎಸೆದು ಓಟಗಾರನನ್ನು ಔಟ್ ಮಾಡುವುದು. ಪೋಷಕರು ಕೆಂಡವಾದರು. 1982ರಲ್ಲಿ 130 ಕದ್ದು ದಾಖಲೆ ಮಾಡಿದ ರಿಕಿ ಅದೇ ವರ್ಷ 42 ಸಲ ಸಿಕ್ಕಿಬಿದ್ದಿದ್ದ ಎಂದೆ. ಅರ್ಧ ಮಂದಿ ಒಪ್ಪಿದರು. ಹಿಮ್ಮಡಿ ಓದುವುದು ರೂಢಿಯಾಗಲು ಒಂದೂವರೆ ತಿಂಗಳಾದರೂ ಬೇಕು, ಅವಸರ ಮಾಡಿದರೆ ಕೆಡುತ್ತದೆ.

ಇದೇ ಅಭ್ಯಾಸವನ್ನು ಔಟ್‌ಫೀಲ್ಡಿಗೂ ಹಚ್ಚಿ ನೋಡಿದೆ, ನಡೆಯಲಿಲ್ಲ. ತಲೆ ಮೇಲೆ ಹಾರುವ ಚೆಂಡಿಗೆ ಮೊದಲ ಹೆಜ್ಜೆ ಹಿಂದಕ್ಕೆ ಹೋಗಬೇಕು. ನಮ್ಮವರು ಮುಂದಕ್ಕೆ ಚಿಮ್ಮಿ ಚೆಂಡನ್ನು ಬೇಲಿಗೆ ಬಿಟ್ಟರು. ಬೇಸ್‌ಗೆ ತಲೆ ಮುಂದಾಗಿ ಜಾರುವ ಹುಚ್ಚೂ ಹಿಡಿದಿತ್ತು. ವಿಮಾನ ನಯವಾಗಿ ಇಳಿದದ್ದನ್ನು ನೋಡಿ ರಿಕಿ ಅದನ್ನು ಕಲಿತನೆಂದು ಮಕ್ಕಳಿಗೆ ಹೇಳಿದ್ದೇ ಕಾರಣ. ಹುಲ್ಲಿನ ಮೇಲೆ ಟಾರ್ಪಾಲು ಹಾಸಿ ಸೋಪಿನ ನೀರು ಸುರಿದೆವು. ಒಬ್ಬನ ಮಣಿಕಟ್ಟು ಊದಿಕೊಂಡಿತು, ನೀರಿನ ಬಿಲ್ಲೂ ಊದಿಕೊಂಡಿತು. ಈಗ ಹಳೆಯ ಜೀನ್ಸ್ ಹಾಕಿಸಿ ಕಾಲು ಮುಂದಾಗಿಯೇ ಜಾರಿಸುತ್ತೇನೆ, ಪುಕ್ಕಟೆ.

2023ರಿಂದ ಅಮೆರಿಕದ ವೃತ್ತಿಪರ ದೊಡ್ಡ ಲೀಗಿನಲ್ಲಿ ಬೇಸ್ 15 ಇಂಚಿನಿಂದ 18ಕ್ಕೆ ಬೆಳೆದಿದೆ, ಪಿಚರ್ ಲೆಕ್ಕವಿಲ್ಲದಷ್ಟು ಸಲ ಮೊದಲ ಬೇಸ್‌ಗೆ ಎಸೆಯುವಂತಿಲ್ಲ. ನಮ್ಮ ಮೈದಾನದಲ್ಲಿ ಇನ್ನೂ 15 ಇಂಚಿನದೇ. ಅದರಲ್ಲೇ ಗೆದ್ದಿದ್ದೇವೆ.

ನಕ್ಕವರ ಕಿರಿಯ ಮಗನೂ ಈಗ ಸಾಲಿನಲ್ಲಿ ಕೂರುತ್ತಾನೆ. ಈ ವರ್ಷ ಮೂರನೇ ಬೇಸ್ ಕದಿಯುವುದನ್ನು ಕೈಗೆತ್ತಿಕೊಂಡಿದ್ದೇನೆ. ಲೀಡ್ ದೊಡ್ಡದು ಸಿಗುತ್ತದೆ, ಆದರೆ ಕ್ಯಾಚರ್‌ನ ಎಸೆತ ಗಿಡ್ಡ. ಸದ್ಯಕ್ಕೆ ಹತ್ತರಲ್ಲಿ ಐದು.