ಒಂದೇ ಸಿಂಥ್, ಮೂರು ಔಟ್‌ಪುಟ್: ಯಾವುದರ ಸೌಂಡ್ ಚೆನ್ನ?

ರೋಲ್ಯಾಂಡ್ ಜೂನೊ-106 ಎಂಬ ಸಿಂಥ್ (ಸಿಂಥಸೈಜರ್, ಎಲೆಕ್ಟ್ರಾನಿಕ್ ಕೀಬೋರ್ಡ್ ವಾದ್ಯ) ಬಂದಿದ್ದು 1984ರಲ್ಲಿ. ಲೆಫ್ಟ್, ರೈಟ್ ಎಂದು ಎರಡು ಔಟ್‌ಪುಟ್, ಜೊತೆಗೊಂದು ಹೆಡ್‌ಫೋನ್ ಜ್ಯಾಕ್. ಹೆಡ್‌ಫೋನ್ ಜ್ಯಾಕ್‌ನಿಂದ ರೆಕಾರ್ಡ್ ಮಾಡಿದರೆ ಸೌಂಡ್ ದಪ್ಪಗೆ ಬರುತ್ತದೆ ಎನ್ನುವವರಿದ್ದಾರೆ. ನಿಜವೋ ಸುಳ್ಳೋ, ಮನೆಯಲ್ಲೇ ನೋಡಿಬಿಡಬಹುದು.

ಮೊದಲು ಸಿಂಥ್ ಆನ್ ಮಾಡಿ ಇಪ್ಪತ್ತು ನಿಮಿಷ ಬಿಡಿ. ಸ್ವರವನ್ನು ಅಗಲವಾಗಿಸುವ ಕೋರಸ್ ಎಫೆಕ್ಟ್ ಆಫ್ ಮಾಡಿ. ಸಿಂಥ್‌ನ ಹಿಂಬದಿಯ ಲೆವೆಲ್ ಸ್ವಿಚ್‌ನಲ್ಲಿ ಎಚ್, ಎಂ, ಎಲ್ (ಜೋರು, ಮಧ್ಯಮ, ಮೆಲ್ಲಗೆ) ಎಂದು ಮೂರು ಜಾಗ ಇವೆ, ಎಚ್‌ಗೆ ಹಾಕಿ. ಎಲ್‌ನಲ್ಲಿಟ್ಟು ಇಂಟರ್‌ಫೇಸ್‌ನ (ಸೌಂಡನ್ನು ಕಂಪ್ಯೂಟರ್‌ಗೆ ಸೇರಿಸುವ ಪೆಟ್ಟಿಗೆ) ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಗುಂಡಿ, ಏರಿಸಿದರೆ ನೀವು ಕೇಳುವ ಹಿಸ್ (ಸುಯ್ ಎನ್ನುವ ಸದ್ದು) ಸಿಂಥ್‌ನದ್ದಲ್ಲ, ಇಂಟರ್‌ಫೇಸ್‌ನದ್ದೇ ಜಾಸ್ತಿ.

ಇನ್ನು ಕೇಬಲ್. ನಾನು ಎಡವಿದ್ದು ಇಲ್ಲೇ. ಹೆಡ್‌ಫೋನ್ ಜ್ಯಾಕ್‌ನಿಂದ ಒಂದು ಬ್ಯಾಲೆನ್ಸ್‌ಡ್ ಕೇಬಲ್ (ಒಳಗೆ ಎರಡು ಸಿಗ್ನಲ್ ತಂತಿ ಇರುವುದು) ಎಳೆದು ನೇರ ಇಂಟರ್‌ಫೇಸ್‌ಗೆ ಚುಚ್ಚಿದೆ. ಕೀ ಒತ್ತಿದರೆ ಸೌಂಡೇ ಇಲ್ಲ! ಕೋರಸ್ ಹಾಕಿದೆ, ಎಲ್ಲೋ ದೂರದ ಬಾವಿಯಿಂದ ಬಂದ ಹಾಗೆ ತೆಳ್ಳಗೆ ಏನೋ ಕೇಳಿಸಿತು. ಜ್ಯಾಕ್ ಕೆಟ್ಟಿದೆ ಅಂದುಕೊಂಡು ಅರ್ಧ ದಿನ ಒದ್ದಾಡಿದೆ. ಕಾರಣ ಸರಳ: ಹೆಡ್‌ಫೋನ್‌ನ ಲೆಫ್ಟ್ ಒಂದು ತಂತಿಯಲ್ಲಿ, ರೈಟ್ ಇನ್ನೊಂದರಲ್ಲಿ ಬರುತ್ತದೆ, ಬ್ಯಾಲೆನ್ಸ್‌ಡ್ ಇನ್‌ಪುಟ್ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುತ್ತದೆ, ಕೋರಸ್ ಇಲ್ಲದಾಗ ಲೆಫ್ಟ್ ಮತ್ತು ರೈಟ್ ಎರಡೂ ಒಂದೇ, ಹಾಗಾಗಿ ಒಂದನ್ನೊಂದು ಅಳಿಸಿಬಿಡುತ್ತವೆ. ಒಂದು ಕಡೆ ಸ್ಟೀರಿಯೊ ಜ್ಯಾಕ್, ಇನ್ನೊಂದು ಕಡೆ ಎರಡು ಮೋನೊ ಜ್ಯಾಕ್ ಇರುವ ವೈ ಕೇಬಲ್ ತೆಗೆದುಕೊಳ್ಳಿ, ಅದೇ ಸರಿ.

ಈಗ ಲೆಫ್ಟ್ ಔಟ್‌ಪುಟ್ ಒಂದು ಟ್ರ್ಯಾಕ್‌ಗೆ, ಹೆಡ್‌ಫೋನ್‌ನ ಎಡಭಾಗ ಇನ್ನೊಂದಕ್ಕೆ. ಎರಡನ್ನೂ ಒಟ್ಟಿಗೇ ರೆಕಾರ್ಡ್ ಮಾಡಿ. ಅನಲಾಗ್ ಸಿಂಥ್ ಒಂದೇ ಸ್ವರವನ್ನು ಎರಡು ಸಲ ಒಂದೇ ಥರ ನುಡಿಸುವುದಿಲ್ಲ, ಬೇರೆ ಬೇರೆ ಟೇಕ್ ಹೋಲಿಸಿ ಉಪಯೋಗವಿಲ್ಲ. ರೈಟ್ ಜ್ಯಾಕ್‌ನಲ್ಲೂ ಕೇಬಲ್ ಇರಲಿ, ಖಾಲಿ ಬಿಟ್ಟರೆ ಲೆಫ್ಟ್‌ನಲ್ಲಿ ಎರಡೂ ಸೇರಿದ ಮೋನೊ ಬರುತ್ತದೆ.

ಇದರ ನಂತರದ್ದೇ ಮುಖ್ಯ ಕೆಲಸ. ಸಾಟೂತ್ (ಗರಗಸದ ಹಲ್ಲಿನಾಕಾರದ ಅಲೆ) ಆರಿಸಿ ಒಂದು ಸ್ವರ ಹಿಡಿದು, ಮೀಟರ್ ನೋಡಿ, ಎರಡೂ ಟ್ರ್ಯಾಕ್‌ಗಳ ಲೆವೆಲ್ ಸಮ ಮಾಡಿ. 0.1 ಡೆಸಿಬಲ್‌ವರೆಗೂ ತನ್ನಿ. ಸ್ವಲ್ಪ ಜೋರಾಗಿರುವುದೇ ನಮ್ಮ ಕಿವಿಗೆ ಚೆಂದ ಅನ್ನಿಸುತ್ತದೆ, ಅದರಲ್ಲೂ ವ್ಯತ್ಯಾಸ ಕಮ್ಮಿ ಇದ್ದಾಗ ಜೋರು ಅಂತ ಗೊತ್ತಾಗುವುದೇ ಇಲ್ಲ, ಸುಮ್ನೆ "ದಪ್ಪಗಿದೆ" ಅನ್ನಿಸುತ್ತದೆ. ಹೆಡ್‌ಫೋನ್ ಜ್ಯಾಕ್‌ನ ಹೆಸರು ಎಷ್ಟೋ ಸಲ ಇಲ್ಲಿಂದಲೇ ಹುಟ್ಟಿದ್ದು ಎಂದು ನನ್ನ ಅನಿಸಿಕೆ.

ಲೆವೆಲ್ ಸಮ ಆಯಿತಾ? ಒಂದು ಟ್ರ್ಯಾಕ್‌ನ ಪೊಲಾರಿಟಿ ತಿರುಗಿಸಿ, ಅಂದರೆ ಅಲೆಯನ್ನು ತಲೆಕೆಳಗು ಮಾಡಿ, ಎರಡನ್ನೂ ಒಟ್ಟಿಗೆ ಕೇಳಿ; ಒಂದೇ ಥರ ಇರುವುದೆಲ್ಲ ಅಳಿಸಿಹೋಗುತ್ತದೆ. ಬರೀ ಸಣ್ಣ ಹಿಸ್ ಉಳಿದರೆ ಎರಡೂ ಔಟ್‌ಪುಟ್ ಒಂದೇ. ಗುಮ್ಮನೆ ಬೇಸ್ ಉಳಿದರೆ ಒಂದು ದಾರಿಯಲ್ಲಿ ಬೇಸ್ ಸೋರುತ್ತಿದೆ. ನಲವತ್ತು ವರ್ಷದ ಯಂತ್ರದಲ್ಲಿ ಔಟ್‌ಪುಟ್ ಹಾದಿಯ ಕೆಪ್ಯಾಸಿಟರ್ ಎಂಬ ಬಿಡಿಭಾಗ ಸೊರಗಿರಬಹುದು, ಬಲ್ಲವರಿಗೆ ತೋರಿಸಿ. ಅದಕ್ಕೂ ಮುಂಚೆ ಜ್ಯಾಕನ್ನು ನಾಲ್ಕು ಸಲ ತಿರುಗಿಸಿ ನೋಡಿ. ಚರಚರ ಅಂದರೆ ಬರೀ ಕಿಲುಬು, ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಕೊನೆಗೆ ಕೋರಸ್ ಆನ್ ಮಾಡಿ ಲೆಫ್ಟ್, ರೈಟ್ ಹೋಲಿಸಿ. ಎಷ್ಟೇ ತಿಣುಕಿದರೂ ಇವು ಅಳಿಸಿಹೋಗುವುದಿಲ್ಲ, ಎರಡು ಬದಿಯೂ ಬೇರೆ ಬೇರೆಯಾಗಿ ತೂಗಾಡುತ್ತವೆ. ಅದು ದೋಷವಲ್ಲ, ಜೂನೊ ಅಷ್ಟು ಅಗಲವಾಗಿ ಕೇಳಿಸುವುದೇ ಅದರಿಂದ. ಕೀ ಒತ್ತದೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿದರೆ ಕೋರಸ್‌ನ ಹಿಸ್ ಕೂಡ ಕೇಳುತ್ತದೆ. ಅದು ಮೂರೂ ಜ್ಯಾಕ್‌ಗಳಲ್ಲಿ ಇರುತ್ತದೆ, ಔಟ್‌ಪುಟ್ ಬದಲಿಸಿದರೆ ಹೋಗುವಂಥದ್ದಲ್ಲ.